ಡಿಸ್ಚಾರ್ಜ್ ಚೀಟಿಯನ್ನು ಬಾಣಂತಿಗೇ ಓದಿ ಹೇಳಿ

‘ಪಿ2 ಎಲ್2 ಎ1. ಎಫ್‌ಟಿಎನ್‌ಡಿ ವಿತ್ ಆರ್‌ಎಂಎಲ್‌ಇ. ಯುಟಿ ವೆಲ್ ಕಾಂಟ್ರಾಕ್ಟೆಡ್. ಲೋಕಿಯಾ ಹೆಲ್ದಿ. ಎಚ್‌ಬಿ 8.6. ರಿವ್ಯೂ ಆಫ್ಟರ್ 6 ವೀಕ್ಸ್.’

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಿಂದ ಮನೆಗೆ ಹೊರಟವಳ ಕೈಗೆ ಬರುವ ಚೀಟಿಯಲ್ಲಿ ಹೆಚ್ಚೂಕಡಿಮೆ ಇಷ್ಟಿರುತ್ತದೆ. ದೊಡ್ಡ ಖಾಸಗಿ ಆಸ್ಪತ್ರೆಯಲ್ಲಾದರೆ ಇದೇ ವಿವರ ಮೂರು ಪುಟದ ಪ್ರಿಂಟಾಗಿ ಬರುತ್ತದೆ, ಅರ್ಥವಾಗುವುದು ಮಾತ್ರ ಅಷ್ಟೇ. ಗಂಡ ಅದನ್ನು ಬಿಲ್ಲು, ತಾಯಿ ಕಾರ್ಡು, ಮಗುವಿನ ಲಸಿಕೆ ಚೀಟಿಗಳ ಜೊತೆ ಪ್ಲಾಸ್ಟಿಕ್ ಕವರಿಗೆ ತುರುಕುತ್ತಾನೆ. ಹೊರಗೆ ಗಾಡಿ ಕಾಯುತ್ತಿರುತ್ತದೆ, ಮಗು ಅಳುತ್ತಿರುತ್ತದೆ, ರಾಹುಕಾಲಕ್ಕೆ ಮೊದಲೇ ಮನೆ ಸೇರಬೇಕೆಂದು ಹಿರಿಯರು ಅವಸರ ಮಾಡುತ್ತಿರುತ್ತಾರೆ. ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರಿಗೆಂದು ಬರೆದ ಆ ಕಾಗದವನ್ನು, ಅದು ಯಾರ ಮೈಯ ಕತೆಯೋ ಅವಳಿಗೆ, ಯಾರೂ ಓದಿ ಹೇಳುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಎರಡು ತಲೆಮಾರಿನ ಹಿಂದೆ ಯಾರೂ ಊಹಿಸಿರದ ಸಂಗತಿ ಅದು. ಆದರೆ ಸಹಜ ಹೆರಿಗೆಯಾದವಳು ಆಸ್ಪತ್ರೆಯಲ್ಲಿ ಉಳಿಯುವುದು ಎರಡು ಮೂರು ದಿನ, ಸಿಸೇರಿಯನ್ ಆದವಳು ಸುಮಾರು ಒಂದು ವಾರ. ವೈದ್ಯಶಾಸ್ತ್ರ ಬಾಣಂತನಕ್ಕೆ ಹಾಕುವ ಲೆಕ್ಕ 42 ದಿನ. ತಾಯಿಯ ಸಾವು ಹೆರಿಗೆಯ ಲೆಕ್ಕಕ್ಕೆ ಸೇರುವುದೂ ಇದೇ 42 ದಿನಗಳ ತನಕ. ಅಂದರೆ ಹೆರಿಗೆ ಆಸ್ಪತ್ರೆಯದು, ಚೇತರಿಕೆ ಮನೆಯದು. ಮನೆಯಲ್ಲಿ ಅವಳನ್ನು ನೋಡಿಕೊಳ್ಳುವ ಅಮ್ಮ, ಅತ್ತೆ, ಅಜ್ಜಿಯರಿಗೆ ಚೀಟಿಯ ಭಾಷೆ ಬಾರದು. ಆ ಭಾಷೆಯ ಕೆಲವು ಮಾತುಗಳು ಆಗಿಹೋದದ್ದನ್ನು ಹೇಳುತ್ತವೆ. ಇನ್ನು ಕೆಲವು ಮಾತುಗಳು ಮುಂದೆ ಏನನ್ನು ಗಮನಿಸಬೇಕು, ಕೆಟ್ಟರೆ ಎಷ್ಟು ಬೇಗ ವಾಪಸು ಬರಬೇಕು ಎಂಬುದನ್ನು ಹೇಳುತ್ತವೆ. ಜೀವ ಹೋಗುವುದು, ಉಳಿಯುವುದು ಈ ಎರಡನೆಯ ಬಗೆಯ ಮಾತುಗಳ ಮೇಲೆ.

ಮೊದಲಿಗೆ ಆ ಅಕ್ಷರ–ಅಂಕಿಗಳ ಸಾಲು. ಜಿ ಅಂದರೆ ಎಷ್ಟು ಸಲ ಗರ್ಭ ನಿಂತಿದೆ. ಪಿ ಅಂದರೆ ಮಗು ಬದುಕಬಲ್ಲಷ್ಟು ತಿಂಗಳು ತುಂಬಿದ ಮೇಲೆ ಎಷ್ಟು ಹೆರಿಗೆಗಳಾಗಿವೆ. ಎಲ್ ಅಂದರೆ ಈಗ ಬದುಕಿರುವ ಮಕ್ಕಳೆಷ್ಟು. ಎ ಅಂದರೆ ಅಬಾರ್ಷನ್ ಎಷ್ಟು. ಈ ಕೊನೆಯ ಅಕ್ಷರದ ಬಗ್ಗೆ ಒಂದು ಮಾತು ಹೇಳಲೇಬೇಕು. ತಾನಾಗಿ ಇಳಿದುಹೋದ ಗರ್ಭಕ್ಕೂ ತೆಗೆಸಿದ ಗರ್ಭಕ್ಕೂ ವೈದ್ಯರು ಬರೆಯುವುದು ಇದೊಂದೇ ಅಕ್ಷರ. ಎರಡೂವರೆ ತಿಂಗಳಿಗೆ ಗರ್ಭ ಕಳೆದುಕೊಂಡು ಅತ್ತ ಹೆಣ್ಣುಮಗಳ ಕಾಗದದಲ್ಲೂ ‘ಎ1’ ಎಂದೇ ಇರುತ್ತದೆ. ಅರ್ಧ ಓದು ಬಲ್ಲ ನೆಂಟರು ಅದನ್ನು ನೋಡಿ ‘ಇವಳು ಯಾವಾಗ ತೆಗೆಸಿದ್ದು?’ ಎಂದು ಕೇಳುವುದು ಎಂಥ ಕ್ರೌರ್ಯ ಎಂಬುದನ್ನು ವಿವರಿಸಬೇಕಿಲ್ಲ.

ಎಫ್‌ಟಿಎನ್‌ಡಿ ಎಂದರೆ ದಿನ ತುಂಬಿದ ಸಹಜ ಹೆರಿಗೆ. ಎಲ್‌ಎಸ್‌ಸಿಎಸ್ ಎಂದರೆ ನಾವೆಲ್ಲ ಸಿಸೇರಿಯನ್ ಅನ್ನುವುದು. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 31.5 ಹೆರಿಗೆಗಳು ಸಿಸೇರಿಯನ್. ಅಂದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬಳ ಚೀಟಿಯಲ್ಲಿ ಈ ನಾಲ್ಕಕ್ಷರ ಇರುತ್ತದೆ. ಅದರ ಮೊದಲ ಎರಡಕ್ಷರಕ್ಕೆ ಬಹಳ ಬೆಲೆ. ಗರ್ಭಕೋಶದ ಕೆಳಭಾಗದಲ್ಲಿ, ಸ್ನಾಯು ತೆಳ್ಳಗಿರುವ ಕಡೆ ಕೊಯ್ದಿದ್ದಾರೆ ಎಂದು ಅವು ಹೇಳುತ್ತವೆ. ಆ ಕೊಯ್ತ ಸಾಮಾನ್ಯವಾಗಿ ಅಡ್ಡಕ್ಕಿರುತ್ತದೆ. ಅಪರೂಪಕ್ಕೆ, ಮಗು ತೀರ ಬೇಗ ಹುಟ್ಟಬೇಕಾದಾಗಲೋ ಮಾಸು ಅಡ್ಡ ಬಂದಾಗಲೋ, ಗರ್ಭಕೋಶವನ್ನು ಮೇಲಿನಿಂದ ಉದ್ದಕ್ಕೆ ಕೊಯ್ಯಬೇಕಾಗುತ್ತದೆ. ಅಂಥ ಗಾಯ ಮುಂದಿನ ಬಸಿರಿನಲ್ಲಿ ನೋವು ಶುರುವಾದಾಗ ಬಿರಿಯುವ ಅಪಾಯ ಹೆಚ್ಚು. ಹೊಟ್ಟೆಯ ಚರ್ಮದ ಮೇಲಿನ ಕಲೆ ನೋಡಿ ಒಳಗಿನ ಕೊಯ್ತ ಯಾವ ಬಗೆಯದೆಂದು ಯಾರೂ ಹೇಳಲಾರರು. ಮೇಲೆ ಅಡ್ಡ ಇದ್ದು ಒಳಗೆ ಉದ್ದ ಇರಬಹುದು. ಎರಡನೆಯದಕ್ಕೆ ಸಹಜ ಹೆರಿಗೆಗೆ ಕಾಯಬಹುದೇ ಎಂದು ನಾಲ್ಕು ವರ್ಷದ ಮೇಲೆ ಬೇರೆ ಊರಿನ ವೈದ್ಯರು ತೀರ್ಮಾನಿಸಬೇಕಾದಾಗ ಅವರ ಕೈಗೆ ಬೇಕಾಗುವುದು ಈ ಚೀಟಿ. ಅದರಲ್ಲೇ ‘ಇಂಡಿಕೇಷನ್’ ಎಂಬ ಜಾಗದಲ್ಲಿ ಕಾರಣ ಇರುತ್ತದೆ. ಮಗುವಿನ ಎದೆಬಡಿತ ಇಳಿದಿತ್ತೇ, ಮಗು ತಿರುಗಿ ಕೂತಿತ್ತೇ, ತಾಯಿಯ ಬಿಪಿ ಏರಿತ್ತೇ? ಈ ಒಂದು ಸಾಲು ಮುಂದಿನ ಹೆರಿಗೆಯ ದಾರಿಯನ್ನೇ ಬದಲಿಸಬಲ್ಲುದು. ಕಾರಣ ಬರೆದಿಲ್ಲವಾದರೆ ಕೇಳಿ ಬರೆಸಿಕೊಂಡೇ ಹೊರಡಿ.

ಆರ್‌ಎಂಎಲ್‌ಇ ಎಂದರೆ ಹೆರಿಗೆಯ ದಾರಿಯನ್ನು ಬಲಕ್ಕೆ ಓರೆಯಾಗಿ ಸ್ವಲ್ಪ ಕೊಯ್ದು ಹೊಲಿಗೆ ಹಾಕಿದ್ದಾರೆ. ಕೊಯ್ಯದೆ ತಾನೇ ಹರಿದಿದ್ದರೆ ಡಿಗ್ರಿಯ ಲೆಕ್ಕ ಬರುತ್ತದೆ. ಮೊದಲನೆಯದು ಬರೀ ಚರ್ಮ, ಎರಡನೆಯದು ಒಳಗಿನ ಸ್ನಾಯು. ಮೂರು ಮತ್ತು ನಾಲ್ಕು ಎಂದಿದ್ದರೆ ಹರುಕು ಮಲದ್ವಾರದ ಬಿಗಿಸ್ನಾಯುವಿನವರೆಗೆ, ಅದರಾಚೆಗೆ ಹೋಗಿದೆ ಎಂದರ್ಥ. ಇಂಥವರಿಗೆ ಮಲ ಗಟ್ಟಿಯಾಗದಂತೆ ಸಿರಪ್ ಕೊಟ್ಟಿರುತ್ತಾರೆ, ಬೇಗ ಬಂದು ತೋರಿಸಲು ಹೇಳಿರುತ್ತಾರೆ. ಆಮೇಲೆ ಗಾಳಿಯೋ ಮಲವೋ ಹತೋಟಿ ತಪ್ಪಿ ಹೋಗತೊಡಗಿದರೆ ಹೆಂಗಸರು ಗಂಡನಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡು, ಮದುವೆ ಮುಂಜಿಗೂ ಹೋಗದೆ ಕೂರುತ್ತಾರೆ. ಇದಕ್ಕೆ ವ್ಯಾಯಾಮ ಇದೆ, ಶಸ್ತ್ರಚಿಕಿತ್ಸೆ ಇದೆ. ‘ಮಕ್ಕಳನ್ನು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ಸಮಾಧಾನ ಮಾತ್ರ ಬೇಡ.

ಇನ್ನು ‘ಯುಟಿ ವೆಲ್ ಕಾಂಟ್ರಾಕ್ಟೆಡ್’. ವಾರ್ಡಿನಲ್ಲಿ ಸಿಸ್ಟರು ಬಂದು ಬಾಣಂತಿಯ ಹೊಕ್ಕುಳ ಹತ್ತಿರ ಬೆರಳಿಟ್ಟು ಒತ್ತಿ ನೋಡುವುದು ಇದಕ್ಕೇ. ಹೆತ್ತ ಕೂಡಲೇ ಗರ್ಭಕೋಶ ಹೊಕ್ಕುಳ ಮಟ್ಟದಲ್ಲಿ ತೆಂಗಿನಕಾಯಿಯಂತೆ ಗಟ್ಟಿಯಾಗಿ ಕೈಗೆ ಸಿಗಬೇಕು. ಆಗ ಅದರ ತೂಕ ಸುಮಾರು ಒಂದು ಕಿಲೋ. ದಿನಕ್ಕೆ ಹತ್ತಿರಹತ್ತಿರ ಒಂದು ಬೆರಳಿನಷ್ಟು ಕೆಳಗಿಳಿದು ಎರಡು ವಾರದ ಹೊತ್ತಿಗೆ ಕೈಗೇ ಸಿಗದ ಹಾಗಾಗುತ್ತದೆ, ಆರು ವಾರದ ಹೊತ್ತಿಗೆ ನೂರು ಗ್ರಾಮಿಗಿಂತ ಕಡಿಮೆಯಾಗಿ ಮೊದಲಿನ ಗಾತ್ರಕ್ಕೆ ಬರುತ್ತದೆ. ಇದನ್ನೇ ಅವರು ಇನ್ವಲ್ಯೂಷನ್ ಅನ್ನುವುದು. ಮಗು ಮೊಲೆ ಚೀಪುವಾಗ ಕಿಬ್ಬೊಟ್ಟೆ ಕಿವುಚಿದಂತಾಗುವುದೂ ಈ ಕೆಲಸದ್ದೇ ಭಾಗ. ಚೀಪುವಿಕೆಯಿಂದ ತಾಯಿಯ ರಕ್ತಕ್ಕೆ ಇಳಿಯುವ ಆಕ್ಸಿಟೋಸಿನ್ ಹಾಲನ್ನೂ ಹೊರದೂಡುತ್ತದೆ, ಗರ್ಭಕೋಶವನ್ನೂ ಹಿಂಡುತ್ತದೆ. ಎರಡನೆಯ, ಮೂರನೆಯ ಹೆರಿಗೆಯಲ್ಲಿ ಈ ನೋವು ಹೆಚ್ಚು. ಹೊಟ್ಟೆಗೆ ಹಳೆಯ ಸೀರೆ ಸುತ್ತಿ ಬಿಗಿಯುವುದರಿಂದ ನಡುವಿಗೆ ಆಸರೆ ಸಿಕ್ಕೀತು. ಗರ್ಭಕೋಶ ಮಾತ್ರ ತನ್ನ ಲೆಕ್ಕದಲ್ಲೇ ಕುಗ್ಗುತ್ತದೆ.

ಕುಗ್ಗುವಾಗ ಹೊರಬರುವ ಸ್ರಾವವೇ ಲೋಕಿಯಾ. ಮೊದಲ ಮೂರು ನಾಲ್ಕು ದಿನ ಕೆಂಪು, ಆಮೇಲೆ ಹತ್ತನೆಯ ದಿನದ ಆಸುಪಾಸಿನ ತನಕ ಕಂದುಮಿಶ್ರಿತ ಗುಲಾಬಿ, ನಂತರ ಹಳದಿ ಬೆರೆತ ಬಿಳಿ. ಈ ಬಣ್ಣಗಳ ಕ್ರಮವನ್ನು ಪ್ರತಿ ಬಾಣಂತಿಗೂ ಹೇಳಿಕೊಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಬಣ್ಣ ಮುಂದಕ್ಕೆ ಹೋಗಬೇಕು. ತಿಳಿಯಾಗಿದ್ದದ್ದು ಮತ್ತೆ ಕಡುಗೆಂಪಾಗಿ ಸುರಿಯತೊಡಗಿದರೆ, ಕೊಳೆತ ವಾಸನೆ ಬಂದರೆ, ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ದರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆಗಳು ಬಿದ್ದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಮಾಸಿನ ಚೂರೊಂದು ಒಳಗೇ ಉಳಿದಿರಬಹುದು, ಗರ್ಭಕೋಶಕ್ಕೆ ಸೋಂಕು ತಗುಲಿರಬಹುದು.

ಇಲ್ಲಿ ನಮ್ಮ ಮನೆಮನೆಯ ಒಂದು ನಂಬಿಕೆ ಅಡ್ಡ ಬರುತ್ತದೆ. ಎರಡನೆಯ ವಾರದಲ್ಲಿ ಮಗಳು ಮೂರನೆಯ ಸಲ ಬಟ್ಟೆ ಬದಲಿಸಿ ಬಂದು ‘ಯವ್ವಾ, ಭಾಳ ಹೊಂಟೈತಿ’ ಅಂದರೆ ತಾಯಿ ಹೇಳುತ್ತಾಳೆ: ‘ಹೋಗ್ಲಿ ಬಿಡವಾ, ಕೆಟ್ಟ ರಗತ ಹೋದಷ್ಟೂ ಮೈ ಹಗುರ ಆಕ್ಕೈತಿ.’ ಆ ತಾಯಿಯ ಪ್ರೀತಿಯಲ್ಲಿ ಕೊರತೆಯಿಲ್ಲ. ಅವಳ ತಾಯಿಯೂ ಹಾಗೇ ಹೇಳಿದ್ದಳು. ಆದರೆ ಹೋಗುತ್ತಿರುವುದು ಮೈಯ ರಕ್ತವೇ, ಅದರಲ್ಲಿ ಕೆಟ್ಟದ್ದೆಂಬ ಪಾಲು ಬೇರೆ ಇಲ್ಲ. ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, 8.6 ಇರುವವಳಿಗೆ ಅದು ಹೋದಷ್ಟೂ ಅಪಾಯ.

ಚೀಟಿಯಲ್ಲಿ ಪಿಪಿಎಚ್ ಎಂದಿರುವುದು ಈ ಅತಿಸ್ರಾವವೇ. ಸಹಜ ಹೆರಿಗೆಯ ಮೊದಲ 24 ಗಂಟೆಯಲ್ಲಿ ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಪ್ರೈಮರಿ. ಆಮೇಲೆ ವಾರಗಳಲ್ಲಿ ಆದರೆ ಸೆಕೆಂಡರಿ. ಈ ಅರ್ಧ ಲೀಟರನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಜಗತ್ತಿಗೆ ಉತ್ತರ ಕೊಟ್ಟವರಲ್ಲಿ ನಮ್ಮ ಬೆಳಗಾವಿಯವರೂ ಇದ್ದಾರೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರು ವಿದೇಶದ ಸಂಶೋಧಕರ ಜೊತೆಗೂಡಿ ಹೆತ್ತವಳ ಸೊಂಟದ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯೊಂದನ್ನು ಬಳಕೆಗೆ ತಂದರು. ಹಾಳೆಯ ತುದಿ ಚೀಲವಾಗಿ ಕೆಳಕ್ಕೆ ಇಳಿಬೀಳುತ್ತದೆ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ರಕ್ತ ಗೆರೆ ಮುಟ್ಟಿದ್ದು ಹಳ್ಳಿಯ ಸಣ್ಣ ಲಾಟೀನಿನ ಬೆಳಕಿನಲ್ಲೂ ಕಾಣುತ್ತದೆ. ಕಣ್ಣಂದಾಜಿನಲ್ಲಿ ಹೇಳುವವರು ಮೂರರಲ್ಲೊಂದು ಪಾಲು ಕಡಿಮೆ ಹೇಳುತ್ತಾರೆಂದು ಈ ಚೀಲದಿಂದ ಗೊತ್ತಾಯಿತು. ಅದೇ ತಂಡ 2002ರಿಂದ 2005ರ ನಡುವೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರೊಂದಿಗೆ ಒಂದು ಪರೀಕ್ಷೆ ನಡೆಸಿತು. ಹೆರಿಗೆ ಮಾಡಿಸುತ್ತಿದ್ದವರು ಎಎನ್‌ಎಂ ಸಿಸ್ಟರುಗಳು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಮಿಸೋಪ್ರೋಸ್ಟಾಲ್ ಎಂಬ ಮಾತ್ರೆ ನುಂಗಿಸಿದರು. ಸ್ರಾವ ತಡೆಯುವ ಇಂಜೆಕ್ಷನ್ನಿನಂತಲ್ಲ, ಇದಕ್ಕೆ ಫ್ರಿಜ್ಜು ಬೇಡ, ಸೂಜಿ ಬೇಡ. ಅತಿಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಫಲಿತಾಂಶ ಬಂದ ಮೇಲೆ ಬೆಳಗಾವಿಯ ಹಳ್ಳಿಗಳ ಅನುಭವ ದೇಶದೇಶಗಳ ಹೆರಿಗೆ ಕೋಣೆಗಳ ಚರ್ಚೆಗೆ ಬಂತು. ಆಸ್ಪತ್ರೆಯವರು ರಕ್ತವನ್ನು ಮಿಲಿಲೀಟರಿನಲ್ಲಿ ಅಳೆಯಲು ಕಲಿತರು. ಮನೆಯಲ್ಲಿರುವ ನಮಗೆ ಕಡೇಪಕ್ಷ ಪ್ಯಾಡಿನ ಲೆಕ್ಕವಾದರೂ ಗೊತ್ತಿರಬೇಡವೇ?

ಎಚ್‌ಬಿಯ ಮಾತು ಬಂದದ್ದರಿಂದ ಇನ್ನೊಂದು. ಐಎಫ್‌ಎ ಎಂದರೆ ಕಬ್ಬಿಣ, ಫೋಲಿಕ್ ಆಮ್ಲದ ಮಾತ್ರೆ. ಹೆರಿಗೆಯ ನಂತರ 180 ದಿನ ನುಂಗಬೇಕೆಂದು ಸರ್ಕಾರದ ಸೂಚನೆಯೇ ಇದೆ. ಮಲ ಕಪ್ಪಾಯಿತೆಂದೋ ಮಗುವಿಗೆ ಉಷ್ಣವಾದೀತೆಂದೋ ಬಿಟ್ಟವರೇ ಹೆಚ್ಚು. ಮಲ ಕಪ್ಪಾಗುವುದು ಕಬ್ಬಿಣದಿಂದ, ಅದರಿಂದ ತೊಂದರೆ ಇಲ್ಲ. ಕ್ಯಾಲ್ಶಿಯಂ ಮಾತ್ರೆಯನ್ನು ಇದರ ಜೊತೆಗೇ ನುಂಗಬಾರದು, ಕಾಫಿ ಚಹಾದ ಜೊತೆಗೂ ಬೇಡ. ಹಾಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಈಗ ಬಹಳ ಮನೆಗಳಲ್ಲಿ ಹೆದರಿಕೆಯಿಂದ ಪಿಸುಗುಡುವ ಮಾತಿಗೆ ಬರುತ್ತೇನೆ: ಬಾಣಂತಿ ಸನ್ನಿ. ಹೆತ್ತು ಒಂದು ವಾರವೋ ಹತ್ತು ದಿನವೋ ಆಗಿರುತ್ತದೆ. ಇದ್ದಕ್ಕಿದ್ದಂತೆ ಫಿಟ್ಸ್ ಬಂದು ಕೈಕಾಲು ಸೆಟೆಯುತ್ತವೆ, ಇಲ್ಲವೇ ಅಸಂಬದ್ಧ ಮಾತಾಡುತ್ತಾಳೆ, ಇಲ್ಲವೇ ಕಣ್ಣು ತೆರೆದಿದ್ದರೂ ಗುರುತು ಹಿಡಿಯುವುದಿಲ್ಲ. ಗಾಳಿ ಸೋಕಿತು, ಶೀತ ನೆತ್ತಿಗೇರಿತು, ಹೊಸಿಲು ದಾಟಿದ್ದಳು ಎಂದು ಶುರುವಾಗಿ ತಾಯಿತ, ನಿವಾಳಿಗಳಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದುಹೋಗುತ್ತದೆ. ಮನೆಯವರು ಒಂದೇ ಹೆಸರಿಟ್ಟು ಕರೆಯುವ ಈ ಸನ್ನಿಯಲ್ಲಿ ಆಸ್ಪತ್ರೆಯವರಿಗೆ ಕಾಣುವುದು ಕಡೇಪಕ್ಷ ನಾಲ್ಕು ಬೇರೆಬೇರೆ ಕಾಯಿಲೆ. ನಾಲ್ಕಕ್ಕೂ ಚಿಕಿತ್ಸೆ ಬೇರೆ.

ಮೊದಲನೆಯದು ಬಿಪಿಯ ನಂಜು. ಚೀಟಿಯಲ್ಲಿ ಪಿಐಎಚ್, ಪ್ರಿಎಕ್ಲಾಂಪ್ಸಿಯಾ ಎಂದೇನಾದರೂ ಇದ್ದರೆ ಅದನ್ನು ದೊಡ್ಡದಾಗಿ ಓದಿ. ಬಸಿರಿನಲ್ಲಿ ಏರಿದ ಬಿಪಿ ಹೆತ್ತ ಮೇಲೆ ತಾನಾಗಿ ಹೋಯಿತೆಂದು ಮನೆಯವರು ನಿರಾಳವಾಗುತ್ತಾರೆ. ವಾಸ್ತವದಲ್ಲಿ ಅದು ಹೆರಿಗೆಯಾದ ಮೂರರಿಂದ ಆರನೆಯ ದಿನದ ನಡುವೆ ಮತ್ತೆ ಏರುವುದುಂಟು, ಅಂದರೆ ಸರಿಯಾಗಿ ಮನೆಗೆ ಬಂದ ದಿನಗಳಲ್ಲಿ. ಮುಂಚೆ ಬಿಪಿಯೇ ಇಲ್ಲದವಳಿಗೂ ಬರಬಹುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಬಲಗಡೆ ನೋವು, ಮುಖ ಊದುವುದು ಅದರ ಮುನ್ಸೂಚನೆ. ಅಳೆದಾಗ 160/110 ಮುಟ್ಟಿದ್ದರೆ ಅದು ತುರ್ತು. ಫಿಟ್ಸ್ ಬಂದರೆ ಅದೇ ಎಕ್ಲಾಂಪ್ಸಿಯಾ; ಮ್ಯಾಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಅದನ್ನು ಹತೋಟಿಗೆ ತರುತ್ತದೆ.

ಎರಡನೆಯದು ಮಿದುಳಿನ ಅಶುದ್ಧರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ವೈದ್ಯರ ಕಾಗದದಲ್ಲಿ ಸಿವಿಟಿ. ಹೆತ್ತವಳ ರಕ್ತ ಬೇಗ ಹೆಪ್ಪುಗಟ್ಟುವಂತೆ ಪ್ರಕೃತಿಯೇ ಮಾಡಿದೆ, ಸ್ರಾವ ನಿಲ್ಲಲೆಂದು. ಅದರ ಮೇಲೆ ನಾವು ಅವಳಿಗೆ ನೀರು ಕೊಡುವುದಿಲ್ಲ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮೈ ಊದುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ದಿನಕ್ಕೆ ಒಂದೆರಡು ಲೋಟ ಬಿಸಿನೀರಿಗೆ ಮಿತಿ ಹಾಕುವ ಮನೆಗಳು ಈಗಲೂ ಇವೆ. ಅವಳು ಹಾಲೂಡಿಸುತ್ತಿದ್ದಾಳೆ, ಬಿಸಿಬಿಸಿ ಎಣ್ಣೆನೀರಿನ ಸ್ನಾನ ಮಾಡಿ, ಅಗ್ಗಿಷ್ಟಿಕೆ ಪಕ್ಕ ಕಂಬಳಿ ಹೊದ್ದು ಬೆವರುತ್ತಿದ್ದಾಳೆ, ಮೊದಲೇ ರಕ್ತ ಕಡಿಮೆ. ಬಾಣಂತಿಯರಲ್ಲಿ ಈ ಸಿವಿಟಿಯ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ನೀರಿನ ಕೊರತೆ ಅದಕ್ಕೆ ಇಂಬು ಕೊಡುತ್ತದೆಂಬುದು ವೈದ್ಯರಿಗೆ ಹೊಸ ವಿಷಯವಲ್ಲ. ತಲೆನೋವು, ವಾಂತಿ, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು ಇದರ ರೀತಿ. ಬೇಗ ಸ್ಕ್ಯಾನ್ ಆಗಿ ರಕ್ತ ತಿಳಿಮಾಡುವ ಔಷಧಿ ಸಿಕ್ಕರೆ ಬಹಳ ಮಂದಿ ಎದ್ದು ಓಡಾಡುತ್ತಾರೆ. ಕಾಲಿನಲ್ಲೂ ಇದೇ ಹೆಪ್ಪು ಕಟ್ಟಬಹುದು. ಒಂದೇ ಕಾಲು ಊದಿ ಮೀನಖಂಡ ನೋಯತೊಡಗಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ತೋರಿಸಿ.

ಬಾಣಂತನದ ಕಟ್ಟುಪಾಡುಗಳನ್ನೆಲ್ಲ ಮೂಢತನವೆಂದು ತಳ್ಳಿಹಾಕುವವಳು ನಾನಲ್ಲ. ತವರಿನ ತಿಂಗಳುಗಳ ಆರೈಕೆ, ಹೊತ್ತುಹೊತ್ತಿಗೆ ಬಿಸಿ ಊಟ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನ ಉಂಡೆ, ಕೆಲಸದಿಂದ ಬಿಡುವು: ಇಷ್ಟನ್ನು ಹೆಣ್ಣಿಗೆ ಹಕ್ಕಾಗಿ ಕೊಟ್ಟ ಪದ್ಧತಿ ದೊಡ್ಡದು. ನೀರು ತಡೆಯುವುದು, ಹಾಸಿಗೆಯಿಂದ ಏಳಗೊಡದಿರುವುದು ಇವೆರಡನ್ನು ಮಾತ್ರ ಇಂದೇ ಬಿಡಬೇಕು.

ಮೂರನೆಯದು ಸೋಂಕಿನ ನಂಜು, ಸೆಪ್ಸಿಸ್. ಮೂರನೆಯ ನಾಲ್ಕನೆಯ ದಿನ ಎದೆ ಬಿಗಿದು, ಹಾಲು ಇಳಿಯುವಾಗ ಮೈ ಸ್ವಲ್ಪ ಬೆಚ್ಚಗಾಗಿ ಒಂದು ದಿನದೊಳಗೆ ಇಳಿಯುವುದುಂಟು. 100.4 ಡಿಗ್ರಿ ದಾಟಿದ ಜ್ವರ, ಚಳಿನಡುಕ, ಕಿಬ್ಬೊಟ್ಟೆ ನೋವು, ಹೊಲಿಗೆಯಲ್ಲಿ ಕೀವು ಬೇರೆ ವಿಷಯ. ಸೋಂಕು ರಕ್ತಕ್ಕಿಳಿದರೆ ಬಾಣಂತಿ ಬಡಬಡಿಸತೊಡಗುತ್ತಾಳೆ, ಉಸಿರು ನಾಡಿ ಎರಡೂ ಓಡುತ್ತವೆ. ಅಷ್ಟು ಹೊತ್ತಿಗೆ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಎದೆಯ ಒಂದು ಭಾಗ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಅದು ಮಾಸ್ಟೈಟಿಸ್; ಆ ಕಡೆಯ ಹಾಲನ್ನು ಮಗುವಿಗೆ ನಿಲ್ಲಿಸಬಾರದು, ನಿಲ್ಲಿಸಿದರೆ ಬಾವು ಕೀವುಗಟ್ಟಬಹುದು.

ನಾಲ್ಕನೆಯದು ಮನಸ್ಸಿನದು. ಮೂರರಿಂದ ಐದನೆಯ ದಿನದ ಸುಮಾರಿಗೆ ಕಾರಣವಿಲ್ಲದೆ ಅಳು ಬರುವುದು, ಸಿಡುಕು, ನಿದ್ದೆಗೇಡು ಬಹಳ ಜನರಿಗೆ ಆಗುತ್ತದೆ. ಅದು ಬ್ಲೂಸ್, ಎರಡು ವಾರದೊಳಗೆ ಹೋಗುತ್ತದೆ. ಎರಡು ವಾರ ದಾಟಿಯೂ ಬೇಸರ ಬಿಡದೆ, ಮಗುವಿನ ಮೇಲೂ ಮನಸ್ಸು ಹೋಗದೆ, ತಾನು ಯಾತಕ್ಕೂ ಬಾರದವಳೆಂಬ ಭಾವನೆ ಕೂತುಬಿಟ್ಟರೆ ಅದು ಖಿನ್ನತೆ. ಇದನ್ನು ಪತ್ತೆಹಚ್ಚಲು ಎಡಿನ್‌ಬರೋದ ತಜ್ಞರು 1987ರಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಬಳಕೆಯಲ್ಲಿದೆ. ಸೈಕೋಸಿಸ್ ಎಂಬುದು ಇವೆರಡಕ್ಕಿಂತ ಬೇರೆ. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ಥಟ್ಟನೆ ಶುರುವಾಗುತ್ತದೆ: ನಿದ್ದೆಯೇ ಇಲ್ಲ, ಯಾರೋ ಮಾತಾಡಿದಂತೆ ಕೇಳುತ್ತದೆ, ಮಗು ತನ್ನದಲ್ಲ ಅನ್ನುತ್ತಾಳೆ. ಅವಳನ್ನೂ ಮಗುವನ್ನೂ ಒಂದು ಗಳಿಗೆಯೂ ಒಂಟಿ ಬಿಡಬಾರದು. ಪೂರ್ತಿ ಗುಣವಾಗುವ ಕಾಯಿಲೆ ಇದು. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ದಾಖಲಿಸಿಕೊಂಡು ನೋಡುವ ವಿಭಾಗವಿದೆ. ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಈ ನಾಲ್ಕರಲ್ಲಿ ಯಾವುದೆಂದು ಮನೆಯವರು ಪತ್ತೆ ಮಾಡಬೇಕಿಲ್ಲ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ಮೊದಲ ಮಾತಾಗಿ ‘ಹೆರಿಗೆಯಾಗಿ ಒಂಬತ್ತು ದಿನ’ ಎಂದು ಹೇಳಿದರೆ ಅರ್ಧ ಕೆಲಸ ಮುಗಿಯಿತು. ತಲೆನೋವೆಂದು ಬಂದವಳು ಬಾಣಂತಿ ಎಂಬುದು ಗೊತ್ತಾದಾಕ್ಷಣ ವೈದ್ಯರು ಯೋಚಿಸುವ ದಿಕ್ಕೇ ಬೇರೆ. ಕಂಕುಳಲ್ಲಿ ಮಗುವಿಲ್ಲದೆ, ಅದನ್ನು ಮನೆಯಲ್ಲಿ ಬಿಟ್ಟು ಬಂದವಳನ್ನು ನೋಡಿದರೆ ಅವಳು ಬಾಣಂತಿ ಎಂಬುದು ಅವರಿಗೆ ಹೊಳೆಯದೇ ಹೋಗಬಹುದು.

ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬ ನಿಯಮವಿದೆ. ಒಳ್ಳೆಯ ವ್ಯವಸ್ಥೆ. ಆದರೆ ಅದಕ್ಕೆ ನಮ್ಮ ಸೀಮೆಯದೇ ಒಂದು ತೊಡಕು. ತಾಯಿ ಕಾರ್ಡು ಗಂಡನ ಊರಿನಲ್ಲಿ ಮಾಡಿಸಿರುತ್ತಾರೆ, ಹೆರಿಗೆ ತವರಿನ ತಾಲ್ಲೂಕಿನಲ್ಲಿ ಆಗಿರುತ್ತದೆ. ಅಲ್ಲಿನ ಆಶಾ ‘ತವರಿಗೆ ಹೋಗಿದ್ದಾಳೆ’ ಅನ್ನುತ್ತಾಳೆ, ಇಲ್ಲಿನ ಆಶಾಗೆ ಹೆಸರೇ ಗೊತ್ತಿರುವುದಿಲ್ಲ. ಮಗಳು ಬಂದ ವಾರದಲ್ಲೇ ತಾಯಿ ತಮ್ಮ ಊರಿನ ಆಶಾಗೆ ಹೇಳಿ ಹೆಸರು ಬರೆಸಿದರೆ ಈ ಕಂದಕ ಮುಚ್ಚುತ್ತದೆ.

ಇನ್ನೆರಡು ಮಾತು ಚೀಟಿಯಲ್ಲಿ ಹುಡುಕಿ ನೋಡಿ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ ‘ಆಂಟಿ–ಡಿ ಗಿವನ್’ ಎಂದಿರಬೇಕು. ಈ ಇಂಜೆಕ್ಷನ್ನು 72 ಗಂಟೆಯೊಳಗೆ ಬೀಳಬೇಕು, ತಪ್ಪಿದರೆ ಮುಂದಿನ ಮಗುವಿನ ರಕ್ತಕ್ಕೆ ಕುತ್ತು. ‘ಪಿಪಿಐಯುಸಿಡಿ’ ಎಂದಿದ್ದರೆ ಹೆರಿಗೆಯ ಬೆನ್ನಿಗೇ ಗರ್ಭಕೋಶದಲ್ಲಿ ವಂಕಿ, ಅಂದರೆ ಕಾಪರ್–ಟಿ, ಹಾಕಿದ್ದಾರೆ ಎಂದರ್ಥ. ಅದು ಒಳ್ಳೆಯ ಸಾಧನವೇ. ಆದರೆ ನೋವಿನ ನಡುವೆ ‘ಹೂಂ’ ಅನ್ನಿಸಿಕೊಂಡು ಹಾಕುವುದು ಒಪ್ಪಿಗೆ ಆಗುವುದಿಲ್ಲ. ಬಸಿರಿನ ತಿಂಗಳುಗಳಲ್ಲೇ ಕೂತು ತಿಳಿಹೇಳಿ ಕೇಳಬೇಕು. ಮೈಯೊಳಗೆ ಏನಿದೆ, ಎಷ್ಟು ವರ್ಷಕ್ಕೆ, ಯಾವಾಗ ತೆಗೆಸಬಹುದು ಎಂಬುದನ್ನು ಆ ಹೆಣ್ಣುಮಗಳಿಗೆ ಕನ್ನಡದಲ್ಲಿ ಹೇಳದೆ ಮನೆಗೆ ಕಳಿಸುವುದು ಅಪರಾಧವೆಂದೇ ನಾನು ತಿಳಿಯುತ್ತೇನೆ.

ಆರು ವಾರಕ್ಕೆ ‘ರಿವ್ಯೂ’ ಎಂದು ಬರೆದದ್ದನ್ನು ಬಹುತೇಕರು ಮಗುವಿನ ಲಸಿಕೆಯ ದಿನವೆಂದೇ ತಿಳಿದು, ಮಗುವನ್ನು ತೋರಿಸಿಕೊಂಡು ಬಂದುಬಿಡುತ್ತಾರೆ. ಅದು ತಾಯಿಯ ತಪಾಸಣೆಯ ದಿನವೂ ಹೌದು. ಅವಳ ಎಚ್‌ಬಿ, ಬಿಪಿ, ಹೊಲಿಗೆ ನೋಡಬೇಕು, ಮನಸ್ಸು ಹೇಗಿದೆ ಎಂದು ಕೇಳಬೇಕು. ಚೀಟಿಯಲ್ಲಿ ‘ಜಿಡಿಎಂ’ ಎಂದಿದ್ದವಳಿಗೆ, ಅಂದರೆ ಬಸಿರಿನಲ್ಲಿ ಸಕ್ಕರೆ ಏರಿದ್ದವಳಿಗೆ, ಅಂದು 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಬೇಕು. ಆ ದಿನ ಸಕ್ಕರೆ ಸರಿಯಿದ್ದರೂ ಮುಂದೆ ಮಧುಮೇಹ ಬರುವ ಸಾಧ್ಯತೆ ಅವಳಿಗೆ ಉಳಿದವರಿಗಿಂತ ಹೆಚ್ಚು, ಬಿಪಿ ಏರಿದ್ದವಳಿಗೆ ಹೃದ್ರೋಗದ ಸಾಧ್ಯತೆ ಹೆಚ್ಚು. ಹಾಗಾಗಿ ಸಕ್ಕರೆಯ ಪರೀಕ್ಷೆಯನ್ನು ಆಗಾಗ, ಬಿಪಿಯನ್ನು ವರ್ಷಕ್ಕೊಮ್ಮೆಯಾದರೂ, ಮಕ್ಕಳು ದೊಡ್ಡವರಾದ ಮೇಲೂ ಮಾಡಿಸುತ್ತಲೇ ಇರಬೇಕು.